ಚೆಕ್‌ರೋಲಿನಲ್ಲಿ ಹೆಸರು ಉಳಿಯಬೇಕು

ಕೊಡಗಿನ ತೋಟಗಳಲ್ಲಿ ಆಳುಗಳಿಗೆ ಕೆಲಸದಲ್ಲಿ ಪೆಟ್ಟಾಗುವುದಕ್ಕೂ ಒಂದು ಪಂಚಾಂಗವಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕರಿಮೆಣಸಿನ ಕೊಯ್ಲು. ಸಿಲ್ವರ್ ಓಕಿನ ನೆಟ್ಟನೆ ಕಾಂಡಕ್ಕೆ ಏಣಿ ಒರಗಿಸಿ, ಮೂವತ್ತು ಅಡಿ ಮೇಲೆ ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಮೆಣಸಿನ ಗೊಂಚಲು ಹಿಡಿದು ನಿಲ್ಲುವ ಕೆಲಸ. ಅದು ಮುಗಿಯುತ್ತಿದ್ದಂತೆ, ಮಳೆ ಹಿಡಿಯುವ ಮುಂಚೆ, ನೆರಳು ಮರಗಳ ಕಪಾತು. ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಂಬೆಯ ತುದಿಯವರೆಗೆ ಹೋಗಬೇಕು. ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಸುಣ್ಣ ಕಣ್ಣಿಗೆ ಹಾರುತ್ತದೆ. ಮಳೆಗಾಲದಲ್ಲಿ ಜಾರುವ ಇಳಿಜಾರಿನಲ್ಲಿ ಕಳೆ ಕತ್ತರಿಸುವ ಯಂತ್ರದ ಬ್ಲೇಡು ಕಾಲಿನ ಹತ್ತಿರವೇ ತಿರುಗುತ್ತದೆ. ಕಾಫಿ ಕೊಯ್ಲು ಬಂತೆಂದರೆ ಹಣ್ಣಿನ ಚೀಲ ಹೊತ್ತ ಸೊಂಟಗಳು ಹಿಡಿದುಕೊಳ್ಳುತ್ತವೆ. ವರ್ಷದ ಯಾವ ತಿಂಗಳಲ್ಲಾದರೂ ಆನೆ ಎದುರಾಗಬಹುದು.

ಇಂಥ ಪೆಟ್ಟಿನ ನಂತರ ಕಾರ್ಮಿಕ ಸಂಘ ಏನು ಮಾಡಬೇಕು ಎಂಬ ಪ್ರಶ್ನೆಗೆ ಸಿಗುವ ರೂಢಿಯ ಉತ್ತರ ಒಂದೇ: ಪರಿಹಾರ ಕೊಡಿಸಬೇಕು. ಆ ಉತ್ತರ ಸರಿ, ಆದರೆ ಅರ್ಧ. ಪರಿಹಾರದ ಹಣ ಒಮ್ಮೆ ಬರುತ್ತದೆ, ಸಾಲಕ್ಕೆ, ಆಸ್ಪತ್ರೆಗೆ, ಮಗಳ ಮದುವೆಗೆ ಕರಗುತ್ತದೆ. ಕರಗದೆ ಉಳಿಯಬೇಕಾದದ್ದು ಎಸ್ಟೇಟಿನ ಹಾಜರಿ-ಸಂಬಳದ ಪುಸ್ತಕವಾದ ಚೆಕ್‌ರೋಲಿನಲ್ಲಿ ಅವರ ಹೆಸರು. ಎಸ್ಟೇಟಿನ ಆಳಿಗೆ ಇದು ಬೇರೆ ಯಾವ ಕಾರ್ಮಿಕನಿಗಿಂತ ಹೆಚ್ಚು ನಿಜ, ಏಕೆಂದರೆ ಇಲ್ಲಿ ಕೆಲಸವೂ ಮನೆಯೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿವೆ. ಕೆಲಸ ಹೋದರೆ ಎಸ್ಟೇಟು ಆಳಿಗೆ ಕೊಟ್ಟ ಸಾಲುಮನೆ, ಅಂದರೆ ಲೈನ್ ಮನೆ, ಹೋಗುತ್ತದೆ. ಲೈನ್ ಮನೆ ಹೋದರೆ ಪಡಿತರ ಚೀಟಿಯ ವಿಳಾಸ, ಮಕ್ಕಳ ಶಾಲೆ, ನಾಲ್ಕು ತಲೆಮಾರಿನ ನೆರೆಹೊರೆ ಎಲ್ಲವೂ ಹೋಗುತ್ತವೆ. ಎರವ, ಕುರುಬ ಬುಡಕಟ್ಟುಗಳ ಎಷ್ಟೋ ಕುಟುಂಬಗಳಿಗೆ ಲೈನ್ ಬಿಟ್ಟರೆ ಹೇಳಿಕೊಳ್ಳಲು ಇನ್ನೊಂದು ಸೂರಿಲ್ಲ. ಬೆನ್ನು ಮುರಿದ ಒಬ್ಬ ಗಂಡಾಳಿನ ಜೊತೆ ಐದು ಜನರ ಬದುಕು ಅಲ್ಲಾಡುತ್ತದೆ.

ಸಂಘದ ಕೆಲಸ ಬಿದ್ದ ಗಳಿಗೆಯಲ್ಲೇ ಶುರುವಾಗಬೇಕು. ಮರದಿಂದ ಬಿದ್ದವರನ್ನು ಇಬ್ಬರು ತೋಳು ಕಾಲು ಹಿಡಿದು ಎತ್ತಿ ಜೀಪಿನ ಸೀಟಿನಲ್ಲಿ ಕೂರಿಸಿ ಕರೆದೊಯ್ಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಬೆನ್ನುಮೂಳೆ ಬಿರುಕು ಬಿಟ್ಟಿದ್ದರೆ, ಆ ಮಡಿಚಿ ಎತ್ತುವ ಒಂದು ಚಲನೆ ಸಾಕು, ನಡೆಯಬಹುದಾಗಿದ್ದ ಕಾಲುಗಳು ಶಾಶ್ವತವಾಗಿ ನಿಲ್ಲಲು. ತಲೆ, ಕುತ್ತಿಗೆ, ಸೊಂಟ ಒಂದೇ ಸಾಲಿನಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹಿಡಿದು, ಹಲಗೆಯ ಮೇಲೋ ಕಳಚಿದ ಬಾಗಿಲಿನ ಮೇಲೋ ಸರಿಸಿ, ಎದೆ, ಸೊಂಟ, ತೊಡೆಗೆ ಬಟ್ಟೆ ಕಟ್ಟಿ, ತಲೆಯ ಎರಡೂ ಬದಿಗೆ ಸುತ್ತಿದ ಗೋಣಿಚೀಲ ಇಡಬೇಕು. 108 ಬರುವ ದಾರಿಯಿದ್ದರೆ ಅದು ಬರುವವರೆಗೆ ಅಲುಗಿಸದೆ ಕಾಯುವುದೇ ಒಳ್ಳೆಯದು. ತೋಟದ ಪ್ರತಿ ವಿಭಾಗದಲ್ಲಿ, ಅಂದರೆ ಡಿವಿಷನ್ನಿನಲ್ಲಿ, ಇದು ಗೊತ್ತಿರುವ ನಾಲ್ಕು ಜನರನ್ನು, ಅವರಲ್ಲಿ ಇಬ್ಬರು ಹೆಂಗಸರನ್ನು, ತಯಾರು ಮಾಡಿಡುವುದು ಸಂಘ ಮಾಡಬಹುದಾದ ಅತಿ ಅಗ್ಗದ ಅಂಗವೈಕಲ್ಯ ನಿರ್ವಹಣೆ.

ಎರಡನೆಯ ಗಳಿಗೆ ಆಸ್ಪತ್ರೆಯ ಚೀಟಿಯದು. ತುರ್ತು ವಿಭಾಗದಲ್ಲಿ ವೈದ್ಯರು ಬರೆದುಕೊಳ್ಳುವ ಮೊದಲ ಸಾಲು, ಎಲ್ಲಿ, ಹೇಗೆ, ಎಷ್ಟು ಗಂಟೆಗೆ ಪೆಟ್ಟಾಯಿತು ಎಂಬುದು, ಎರಡು ವರ್ಷಗಳ ನಂತರ ನಡೆಯುವ ವಾದದ ಅಡಿಗಲ್ಲು. ‘ಮನೆಯಲ್ಲಿ ಬಿದ್ದೆ ಅಂತ ಹೇಳು ಅಣ್ಣ, ಪೊಲೀಸ್ ಗಲಾಟೆ ಯಾಕೆ, ಖರ್ಚು ನಾವು ನೋಡ್ಕೊಳ್ತೇವೆ’ ಎಂಬ ಮಾತು ಸದ್ಭಾವದಿಂದಲೇ ಬಂದಿರಬಹುದು. ಹಾಗೆ ಬರೆಸಿದ ಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ. ಸಂಘದವರು ಒಬ್ಬರು ಜೊತೆಗಿದ್ದು ‘ಇಂಥ ತೋಟದಲ್ಲಿ, ಕೆಲಸ ಮಾಡುವಾಗ, ಮರದಿಂದ ಬಿದ್ದು’ ಎಂದೇ ಬರೆಸಬೇಕು, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಬೇಕು. ಕುಡಿದಿದ್ದರೆಂಬ ಆರೋಪ ನಮ್ಮ ಕಡೆ ಬೇಗ ಏಳುತ್ತದೆ. ಕುಡಿದಿರಲಿಲ್ಲವಾದರೆ ಅದನ್ನೂ ಆ ಹೊತ್ತಿನಲ್ಲೇ ವೈದ್ಯರಿಂದ ದಾಖಲಿಸಿಕೊಳ್ಳಬೇಕು. ಕಾನೂನಿನ ಪ್ರಕಾರ ಅಪಘಾತಕ್ಕೆ ಕುಡಿತವೇ ನೇರ ಕಾರಣ ಎಂದು ತೋರಿಸಿದರೆ ಮಾತ್ರ ಮಾಲೀಕರ ಹೊಣೆ ತಪ್ಪುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಆ ವಾದವೂ ನಿಲ್ಲುವುದಿಲ್ಲ. ಇದು ಗೊತ್ತಿಲ್ಲದೆ ಕೇವಲ ನಾಚಿಕೆಯಿಂದ ಹಿಂದೆ ಸರಿದ ಕುಟುಂಬಗಳಿವೆ.

ಅದೇ ವಾರದೊಳಗೆ ಕೂಡಿಸಬೇಕಾದ ಕಾಗದಗಳು ಹೆಚ್ಚಿಲ್ಲ. ಆ ದಿನದ ಹಾಜರಿ ಇರುವ ಚೆಕ್‌ರೋಲ್ ಪುಟದ ಫೋಟೊ, ಹಿಂದಿನ ತಿಂಗಳುಗಳ ಸಂಬಳದ ಚೀಟಿ, ವಯಸ್ಸಿನ ದಾಖಲೆ, ಬಿದ್ದ ಜಾಗ ಮತ್ತು ಏಣಿಯ ಚಿತ್ರ, ಮಾಲೀಕರಿಗೆ ಕೊಟ್ಟ ಲಿಖಿತ ತಿಳಿವಳಿಕೆಯ ಮುದ್ರೆ ಬಿದ್ದ ನಕಲು. ಇವುಗಳ ಜೊತೆ ಕಂಡವರ ಹೇಳಿಕೆ ಬೇಕು, ಕೊಡಗಿನಲ್ಲಿ ಹೆಚ್ಚಾಗಿ ಕೈಕೊಡುವುದು ಅದೇ. ಮೆಣಸು ಕೊಯ್ಯುವ ತಂಡದಲ್ಲಿ ಈಗ ಅಸ್ಸಾಮಿನವರು ಬಹಳ. ಏಪ್ರಿಲ್ ನಡುವೆ ಬಿಹು ಹಬ್ಬಕ್ಕೆ ಊರಿಗೆ ಹೊರಟರೆ ಮುಂದಿನ ಸೀಸನ್ನಿಗೆ ಅದೇ ತೋಟಕ್ಕೆ ಬರುತ್ತಾರೆಂಬ ಖಾತ್ರಿಯಿಲ್ಲ. ಅವರ ಹೇಳಿಕೆಯನ್ನು ಅವರ ಭಾಷೆಯಲ್ಲೇ ಬರೆಸಿ, ಊರಿನ ವಿಳಾಸ, ಆಧಾರ್ ನಕಲು, ಮನೆಯವರ ಫೋನ್ ನಂಬರು ಸಮೇತ ಇಟ್ಟುಕೊಳ್ಳಬೇಕು. ‘ಅವನು ನಮ್ಮ ಆಳಲ್ಲ, ಕಂಟ್ರಾಕ್ಟ್ ಮೇಸ್ತ್ರಿಯ ಆಳು’ ಎಂಬ ಮಾತಿಗೆ ಹೆದರಬೇಕಾಗಿಲ್ಲ. ತೋಟದ ನಿತ್ಯದ ಕೆಲಸವನ್ನು ಕಂಟ್ರಾಕ್ಟಿಗೆ ಕೊಟ್ಟರೂ ಪರಿಹಾರದ ಮೊದಲ ಹೊಣೆ ತೋಟದ ಮಾಲೀಕರದೇ. ಅವರು ಬೇಕಿದ್ದರೆ ಆಮೇಲೆ ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಲಿ.

ಇನ್ನು ಲೆಕ್ಕ. 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮೂಲ ಸೂತ್ರ ಬದಲಾಗಿಲ್ಲ. ಗಡುವು, ಬಡ್ಡಿ, ಮಿತಿಗಳನ್ನು ಮಾತ್ರ ಅಪಘಾತದ ದಿನ ಜಾರಿಯಲ್ಲಿದ್ದ ನಿಯಮ ನೋಡಿ ತೆಗೆದುಕೊಳ್ಳಬೇಕು. ಹಳೆಯ ಕಾಯ್ದೆಯಲ್ಲಿ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 2020ರ ಜನವರಿ 3ರಿಂದ 15,000 ರೂಪಾಯಿ, ಕ್ಲೇಮಿನ ಗಡುವು 2 ವರ್ಷ, ತಡವಾದರೆ ಬಡ್ಡಿ ಶೇ. 12, ಕಾರಣವಿಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೆ ದಂಡ.

ಒಂದು ಉದಾಹರಣೆ ಬಿಡಿಸಿ ನೋಡೋಣ. ವಯಸ್ಸು 40, ತಿಂಗಳ ಸಂಬಳ 13,000, ಯಂತ್ರಕ್ಕೆ ಸಿಕ್ಕಿ ತೋರುಬೆರಳು ಪೂರ್ತಿ ಹೋಗಿದೆ. ಶಾಶ್ವತ ಅಂಗವೈಕಲ್ಯದ ಲೆಕ್ಕಕ್ಕೆ ಹಿಡಿಯುವುದು ಸಂಬಳದ ಶೇ. 60, ಎಂದರೆ 7,800. ವಯಸ್ಸಿಗೆ ತಕ್ಕಂತೆ ಕಾಯ್ದೆ ಕೊಡುವ ಗುಣಕ 40ನೇ ವಯಸ್ಸಿಗೆ 184.17. ಗುಣಿಸಿದರೆ 14,36,526. ಕಾಯ್ದೆಯ ಪಟ್ಟಿಯಲ್ಲಿ ಇಡೀ ತೋರುಬೆರಳಿಗೆ ದುಡಿಯುವ ಶಕ್ತಿಯ ನಷ್ಟ ಶೇ. 14. ಕೊನೆಗೆ ಬರುವುದು 2,01,113 ರೂಪಾಯಿ ಚಿಲ್ಲರೆ. ಹೆಬ್ಬೆರಳಾಗಿದ್ದರೆ ಶೇ. 30, ಒಂದು ಕಣ್ಣು ಹೋಗಿ ಇನ್ನೊಂದು ಸರಿಯಿದ್ದರೆ ಶೇ. 40. ಚಿಕಿತ್ಸೆಗಾದ ನಿಜವಾದ ಖರ್ಚು ಇದರಿಂದ ಹೊರಗೆ, ಅದನ್ನು ಬೇರೆಯಾಗಿಯೇ ಕೊಡಬೇಕು. ಗುಣವಾಗಿ ಕೆಲಸಕ್ಕೆ ಬರುವವರೆಗಿನ ತಾತ್ಕಾಲಿಕ ಅವಧಿಗೆ ಪ್ರತಿ ಅರ್ಧ ತಿಂಗಳಿಗೆ ಸಂಬಳದ ಶೇ. 25, ಅಂದರೆ ಇದೇ ಉದಾಹರಣೆಯಲ್ಲಿ ಹದಿನೈದು ದಿನಕ್ಕೊಮ್ಮೆ 3,250. ಇಷ್ಟು ಸಣ್ಣ ಲೆಕ್ಕವನ್ನು ಸಂಘದ ಪ್ರತಿ ಘಟಕದಲ್ಲಿ ಇಬ್ಬರಾದರೂ ಕಾಗದದ ಮೇಲೆ ಮಾಡಬಲ್ಲವರಾಗಿದ್ದರೆ ‘ಐವತ್ತು ಸಾವಿರಕ್ಕೆ ಮುಗಿಸೋಣ’ ಎಂಬ ಮಾತು ಎಲ್ಲಿ ನಿಲ್ಲುತ್ತದೆಂದು ತಾನೇ ಗೊತ್ತಾಗುತ್ತದೆ.

ಆ ಐವತ್ತು ಸಾವಿರದ ರಾಜಿಪತ್ರದ ಬಗ್ಗೆ ಬಿಡಿಸಿ ಹೇಳಬೇಕು. ಛಾಪಾ ಕಾಗದದಲ್ಲಿ ಬರೆದು, ಊರಿನ ಹಿರಿಯರು ಸಾಕ್ಷಿ ಹಾಕಿದ್ದರೂ, ಕಾಯ್ದೆ ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಕರಾರು ಊರ್ಜಿತವಲ್ಲ. ಒಟ್ಟು ಮೊತ್ತದ ಒಪ್ಪಂದವಾದರೆ ಅದನ್ನು ಪರಿಹಾರ ಆಯುಕ್ತರ (ಹೊಸ ಸಂಹಿತೆಯಲ್ಲಿ ‘ಸಕ್ಷಮ ಪ್ರಾಧಿಕಾರ’) ಬಳಿ ನೋಂದಾಯಿಸಬೇಕು. ಪೆಟ್ಟಾದವರು ಹೆಂಗಸಾದರೆ ಅಥವಾ ಸಾವೇ ಆಗಿದ್ದರೆ ಇಡಿಗಂಟನ್ನು ಕೈಗೆ ಕೊಡುವುದಲ್ಲ, ಅಲ್ಲೇ ಠೇವಣಿ ಇಡಬೇಕು. ಕಾಫಿ ಕೊಯ್ಲಿನ ಸಾಲಿನಲ್ಲಿ ಹೆಂಗಸರೇ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಈ ನಿಯಮವನ್ನು ಬಾಯಿಪಾಠ ಮಾಡಿಕೊಂಡಿರಬೇಕು.

ಬೆನ್ನು, ಭುಜ, ಮಂಡಿಯ ಗಾಯಗಳು ಪಟ್ಟಿಯಲ್ಲಿ ಹಾಗೆ ಸಿಗುವುದಿಲ್ಲ. ಅಲ್ಲಿ ವೈದ್ಯರು ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ಹೇಳಬೇಕು. ಸಂಘದವರು ಎಡವುವುದು ಇಲ್ಲೇ. ಅಂಗವೈಕಲ್ಯ ಪ್ರಮಾಣಪತ್ರದ ಶೇಕಡಾವಾರು ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ. ಮರ ಹತ್ತುವವರ ಭುಜ ಕಿವಿಯ ಮಟ್ಟಕ್ಕಿಂತ ಮೇಲೆ ಏಳದೆ ಹೋದರೆ ವೈದ್ಯಕೀಯ ಲೆಕ್ಕದಲ್ಲಿ ಅದು ಶೇ. 20 ಇರಬಹುದು. ಅವರ ಕೆಲಸದ ಲೆಕ್ಕದಲ್ಲಿ ಅವರು ಇನ್ನು ಮರ ಹತ್ತುವವರೇ ಅಲ್ಲ. ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ, ಬಡಗಿಗೆ ಒಂದೇ ಕೈಯಲ್ಲಿ ಆ ಕೆಲಸ ಸಾಧ್ಯವಿಲ್ಲವೆಂದು ಸುಪ್ರೀಂ ಕೋರ್ಟ್ ನಷ್ಟವನ್ನು ಪೂರ್ಣವೆಂದೇ ಹಿಡಿಯಿತು. 1976ರಲ್ಲಿ ವರದಿಯಾದ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದ ಆ ತೀರ್ಪು, ಪರಿಹಾರ ಅಪಘಾತದ ದಿನದಿಂದಲೇ ಬಾಕಿ ಎಂದೂ ಹೇಳಿದೆ. ಅರ್ಜಿಯಲ್ಲಿ ‘ಕೂಲಿ ಕಾರ್ಮಿಕ’ ಎಂದಷ್ಟೇ ಬರೆದರೆ ಈ ವಾದಕ್ಕೆ ನೆಲೆಯೇ ಇರುವುದಿಲ್ಲ. ‘ಮರ ಕಪಾತು ಮತ್ತು ಮೆಣಸು ಕೊಯ್ಲಿನ ಆಳು, ಇಷ್ಟು ವರ್ಷದಿಂದ’ ಎಂದು ಬರೆಯಬೇಕು.

ಹಣದ ಮಾತು ಇಲ್ಲಿಗೆ ಸಾಕು. ಕೆಲಸಕ್ಕೆ ಮರಳುವುದು ಇದಕ್ಕಿಂತ ಕಠಿಣ, ಸಂಘಗಳು ಕಡಿಮೆ ಗಮನ ಕೊಟ್ಟಿರುವುದೂ ಅದಕ್ಕೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೆಲಸದ ಸ್ಥಳದಲ್ಲಿ ಅಂಗವೈಕಲ್ಯ ನಿರ್ವಹಿಸುವ ಬಗ್ಗೆ 2001ರಲ್ಲಿ ಒಂದು ಸಂಹಿತೆ ಮಾಡಿತು. ಇರುವ ಕೆಲಸವನ್ನು ಉಳಿಸುವುದು, ಮರಳಿ ಕರೆತರುವುದು, ಇದರಲ್ಲಿ ಕಾರ್ಮಿಕ ಸಂಘಗಳ ಪಾಲು, ಎಲ್ಲವೂ ಅದರಲ್ಲಿದೆ. ನಮ್ಮ ತೋಟಕ್ಕೆ ಅದನ್ನು ಇಳಿಸಬೇಕಾದವರು ನಾವೇ.

ಆಸ್ಪತ್ರೆಯಿಂದ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ‘ಆರು ವಾರ ಲಘು ಕೆಲಸ’ ಎಂದಿರುತ್ತದೆ. ‘ಲಘು ಕೆಲಸ’ ಎಂಬ ಎರಡು ಪದಗಳಿಂದ ಕೆಲಸ ಹಂಚುವ ಎಸ್ಟೇಟಿನ ರೈಟರಿಗೂ ಉಪಯೋಗವಿಲ್ಲ, ಆಳಿಗೂ ಇಲ್ಲ. ಎಸ್ಟೇಟಿನ ಇಳಿಜಾರು ನೋಡಿರದ ವೈದ್ಯರಿಗೆ ಕಾಫಿ ಕೊಯ್ಯುವುದು ನಿಂತು ಹಣ್ಣು ಬಿಡಿಸುವ ಹಗುರ ಕೆಲಸವಾಗಿ ಕಾಣಬಹುದು. ಅದಕ್ಕೆ ಸಂಘವೇ ಒಂದು ಪುಟದ ಕೆಲಸದ ವಿವರ ಬರೆದು ವೈದ್ಯರ ಮುಂದಿಡಬೇಕು: ಲೈನಿನಿಂದ ಬೆಳಿಗ್ಗೆ ಹಾಜರಿ ಹಾಕುವ ಮಸ್ಟರಿಗೆ ಎಷ್ಟು ದೂರ, ಏರು ಎಷ್ಟು, ತುಂಬಿದ ಚೀಲ ಎಷ್ಟು ಕಿಲೊ, ಅದನ್ನು ತೂಕದ ಜಾಗಕ್ಕೆ ಯಾರು ಹೊರುತ್ತಾರೆ, ಬೆನ್ನಿನ ಸ್ಪ್ರೇಯರಿನ 16 ಲೀಟರ್ ಟ್ಯಾಂಕು ತುಂಬಿದಾಗ 20 ಕಿಲೊ ಆಗುತ್ತದೆಂಬುದು, ಎಷ್ಟು ಗಂಟೆ ಬಗ್ಗಿರಬೇಕು, ಶೌಚಾಲಯ ಎಲ್ಲಿದೆ. ವೈದ್ಯರು ಅದರ ಮೇಲೆಯೇ ಬರೆಯಲಿ: ಎಷ್ಟು ಕಿಲೊವರೆಗೆ ಎತ್ತಬಹುದು, ಒಂದೇ ಸಮನೆ ಎಷ್ಟು ಹೊತ್ತು ನಿಲ್ಲಬಹುದು, ಇಳಿಜಾರಿಗೆ ಹೋಗಬಹುದೇ, ಮತ್ತೆ ಯಾವತ್ತು ತೋರಿಸಬೇಕು. ಇಂಥ ಚೀಟಿ ಕೈಯಲ್ಲಿದ್ದರೆ ಆಫೀಸಿನ ಜೊತೆಗಿನ ಮಾತು ಜಗಳವಾಗದೆ ಲೆಕ್ಕವಾಗುತ್ತದೆ.

ತೋಟದಲ್ಲಿ ಬೇರೆ ಕೆಲಸ ಎಲ್ಲಿದೆ ಎಂಬ ಪ್ರಶ್ನೆಗೆ ತಿಂಗಳುವಾರು ಉತ್ತರವಿದೆ. ನರ್ಸರಿಯಲ್ಲಿ ಪ್ಯಾಕೆಟ್ಟಿಗೆ ಮಣ್ಣು ತುಂಬುವುದು, ಸಸಿ ಆರಿಸುವುದು ಬೆನ್ನಿಗೆ ಪೆಟ್ಟಾದವರಿಗೂ ಆಗುತ್ತದೆ, ಆದರೆ ಕುಕ್ಕರಗಾಲಿನಲ್ಲಿ ಕೂತಲ್ಲ, ಸೊಂಟದೆತ್ತರದ ಹಲಗೆ ಹಾಕಿಕೊಂಡು. ಆ ಹಲಗೆ ನಾಲ್ಕು ಕಂಬ, ಎರಡು ರೀಪರಿನ ಖರ್ಚು. ಮಂಡಿ ಹೋದವರು ಬೀಜ ಆರಿಸಲು ಕೂರಬಹುದು. ಒಂದು ಕೈ ದುರ್ಬಲವಾದವರು ತೂಕ ಬರೆದುಕೊಳ್ಳಬಹುದು, ಸ್ಟೋರಿನಲ್ಲಿ ಹತ್ಯಾರು ಕೊಟ್ಟು ತೆಗೆದುಕೊಳ್ಳಬಹುದು, ಶಿಶುವಿಹಾರದಲ್ಲಿರಬಹುದು. ಕಣದಲ್ಲಿ ಕಾಫಿ ಕೆದಕುವುದು ಹಗುರವೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಉರಿಬಿಸಿಲಿನಲ್ಲಿ ಗಂಟೆಗಟ್ಟಲೆ ಕೊರಡು ಎಳೆಯುವ ಆ ಕೆಲಸ ಭುಜದ ಗಾಯಕ್ಕೆ ಸಲ್ಲದು.

ಅತ್ಯಂತ ಅಪಾಯದ ‘ಲಘು ಕೆಲಸ’ವೆಂದರೆ ಕಾವಲು. ಕಾಲು ಸರಿಯಿಲ್ಲದವರನ್ನು ಪಂಪ್‌ಹೌಸಿಗೋ ಗೇಟಿಗೋ ಕಾವಲಿಗೆ ಹಾಕುವುದು ಎಲ್ಲ ಕಡೆಯ ರೂಢಿ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಆನೆ ಹಗಲಲ್ಲೇ ಕಾಫಿ ಗಿಡಗಳ ನಡುವೆ ನಿಂತಿರುತ್ತದೆ. ಓಡಲಾರದವರನ್ನು, ಮೊಬೈಲ್ ಸಿಗ್ನಲ್ ಇಲ್ಲದ ಹೊಳೆಬದಿಯ ಪಂಪಿನ ಹತ್ತಿರ, ನಸುಕಿನಲ್ಲಿ ಒಬ್ಬಂಟಿಯಾಗಿ ನಿಲ್ಲಿಸುವುದು ಕೆಲಸ ಹಗುರಮಾಡುವುದಲ್ಲ. ಸಂಘ ಇದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬಾರದು. ಕೆಲಸದ ನಡುವೆ ಆನೆಯಿಂದ ಪೆಟ್ಟಾದವರಿಗೆ ಅರಣ್ಯ ಇಲಾಖೆಯ ಹಣ ಬಂತೆಂದು ಮಾಲೀಕರ ಹೊಣೆ ತಾನಾಗಿ ಮುಗಿಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಮರಳುವ ಯೋಜನೆ ಕಾಗದದಲ್ಲಿರಬೇಕು, ಒಂದೇ ಪುಟ. ಮೊದಲ ಎರಡು ವಾರ ಅರ್ಧ ದಿನ, ಮುಂದಿನ ಎರಡು ವಾರ ಆರು ಗಂಟೆ, ಆಮೇಲೆ ಪೂರ್ತಿ, ಎಂಬಂತೆ. ಪ್ರತಿ ಹಂತಕ್ಕೂ ಕೆಲಸದ ಹೆಸರು, ಮಾಡಬಾರದ ಕೆಲಸದ ಹೆಸರು, ಮರುಪರಿಶೀಲನೆಯ ದಿನಾಂಕ, ಅರ್ಧ ದಿನದ ವೇತನವನ್ನು ಹೇಗೆ ತುಂಬುತ್ತಾರೆ ಎಂಬ ಸಾಲು. ಆಡಳಿತದವರು, ಸಂಘದವರು, ಕೆಲಸಗಾರರು ಮೂವರೂ ಸಹಿ ಹಾಕಿ ಮೂರು ಪ್ರತಿ ಇಟ್ಟುಕೊಳ್ಳಬೇಕು. ಕೆಡುವುದು ಸಾಮಾನ್ಯವಾಗಿ ಮೂರನೇ ವಾರದಲ್ಲಿ. ಕೊಯ್ಲಿನ ಒತ್ತಡ ಏರಿದಾಗ ಮೇಸ್ತ್ರಿ ‘ಇವತ್ತೊಂದು ದಿನ ಸಾಲಿಗೆ ಬಾ ಅಕ್ಕ’ ಎನ್ನುತ್ತಾರೆ, ಪೆಟ್ಟಾದವರೂ ಸಂಕೋಚಕ್ಕೆ ಹೋಗುತ್ತಾರೆ, ಕೂಡಿದ ಮೂಳೆ ಮತ್ತೆ ನೋಯುತ್ತದೆ. ಹಾಗಾಗಿ ಯೋಜನೆಯ ನಕಲು ಮೇಸ್ತ್ರಿಯ ಕೈಯಲ್ಲೂ ಇರಬೇಕು. ಮೇಸ್ತ್ರಿಗೆ ಕಿಲೊ ಲೆಕ್ಕದ ಗುರಿಯಿದ್ದರೆ, ಆ ತಂಡದಿಂದ ಒಂದು ತಲೆ ಕಡಿಮೆ ಹಿಡಿಯುವಂತೆ ಆಫೀಸಿನಲ್ಲಿ ಮೊದಲೇ ಮಾತಾಡಿರಬೇಕು.

ಸಂಘದೊಳಗಿನ ಕಷ್ಟವನ್ನು ಮುಚ್ಚಿಡಬೇಕಾಗಿಲ್ಲ. ‘ಅವನಿಗೆ ಕೂತ ಕೆಲಸ, ನಮಗೆ ಹೊರುವ ಕೆಲಸ, ಸಂಬಳ ಒಂದೇ’ ಎಂಬ ಗೊಣಗಾಟ ಲೈನಿನಲ್ಲಿ ಏಳುತ್ತದೆ. ನರ್ಸರಿಯ ಜಾಗಕ್ಕೆ ಹತ್ತು ವರ್ಷದಿಂದ ಕಾಯುತ್ತಿರುವ ಹಿರಿಯ ಹೆಂಗಸೊಬ್ಬರಿರುತ್ತಾರೆ, ಅವರ ಸೊಂಟವೂ ಸೋತಿರುತ್ತದೆ. ಇವರಿಬ್ಬರಲ್ಲಿ ಯಾರು ಎಂದು ಪ್ರತಿ ಸಲ ಪದಾಧಿಕಾರಿಗಳೇ ತೀರ್ಮಾನಿಸಿದರೆ ಜಾತಿ, ಭಾಷೆ, ನೆಂಟಸ್ತಿಕೆಯ ಮಾತು ಬರದೆ ಇರದು. ಮುಂಚೆಯೇ, ಯಾರೂ ಬೀಳದ ತಿಂಗಳಲ್ಲಿ, ಸಾಮಾನ್ಯ ಸಭೆಯಲ್ಲಿ ನಿಯಮ ಮಾಡಿಕೊಳ್ಳುವುದೊಂದೇ ದಾರಿ: ಕೆಲಸದಲ್ಲಿ ಪೆಟ್ಟಾದವರಿಗೆ ಮೊದಲ ಆರು ತಿಂಗಳು ಈ ಇಂತಿಷ್ಟು ಜಾಗ ಮೀಸಲು, ಉಳಿದವು ಸರ್ವಿಸಿನ ಪ್ರಕಾರ. ವೇತನ ಒಪ್ಪಂದಕ್ಕೆ ಕೂತಾಗ ಇದನ್ನೇ ಒಂದು ಕಲಮಾಗಿ ಸೇರಿಸಬೇಕು. ಕೂಲಿಯ ಎರಡು ರೂಪಾಯಿಗೆ ತಿಂಗಳುಗಟ್ಟಲೆ ಎಳೆದಾಡುವ ಮಾತುಕತೆಯಲ್ಲಿ ಈ ಕಲಮಿಗೆ ಒಂದು ಸಂಜೆ ಕೊಡದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ.

ಕಾನೂನು ಇಲ್ಲಿ ಸಾಕಷ್ಟು ಗಟ್ಟಿಯಾಗಿಲ್ಲ ಎಂಬುದೂ ಈ ಕಲಮು ಬೇಕಾಗಲು ಕಾರಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯಬಾರದು, ಅದೇ ಸಂಬಳದಲ್ಲಿ ಬೇರೆ ಹುದ್ದೆಗೆ ಹಾಕಬೇಕು ಎಂದು ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಎಸ್ಟೇಟಿಗೆ ಸಮಾನ ಅವಕಾಶ ನೀತಿ ಇರಬೇಕೆಂಬ ಮಟ್ಟದಲ್ಲಿ ಅದು ನಿಲ್ಲುತ್ತದೆ. ಇನ್ನೊಂದು ಕಡೆ, ‘ದೀರ್ಘಕಾಲದ ಅನಾರೋಗ್ಯ’ದ ಕಾರಣಕ್ಕೆ ಕೆಲಸ ತೆಗೆದರೆ ಅದು ರಿಟ್ರೆಂಚ್‌ಮೆಂಟ್ (ನೋಟಿಸು, ಪರಿಹಾರ ಕೊಟ್ಟು ಮಾಡಬೇಕಾದ ಕೆಲಸ ಕಡಿತ) ಅಲ್ಲವೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯೂ ಹೇಳಿತ್ತು, ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹೇಳುತ್ತದೆ. ಬಿದ್ದು ಆರು ತಿಂಗಳಾದವರ ಮನೆಗೆ ಬರುವ ಕಾಗದದಲ್ಲಿ ಆ ಪದಗಳಿವೆಯೇ ಎಂದು ಮೊದಲು ನೋಡಬೇಕು. ಇದ್ದರೆ ಅದೇ ವಾರ ಉತ್ತರ ಹೋಗಬೇಕು: ಇದು ಅನಾರೋಗ್ಯವಲ್ಲ, ಕೆಲಸದಲ್ಲಾದ ಗಾಯ, ಚಿಕಿತ್ಸೆ ನಡೆಯುತ್ತಿದೆ, ಇಂಥ ಇಂಥ ಕೆಲಸ ಮಾಡಬಲ್ಲರು. ‘ಗುಣ ಆದ ಮೇಲೆ ಬಾ, ನೋಡೋಣ’ ಎಂಬ ಬಾಯಿಮಾತನ್ನು ರಜೆಯೆಂದು ನಂಬಿ ಕೂರಬಾರದು. ರಜೆಯ ಅರ್ಜಿ ಬರವಣಿಗೆಯಲ್ಲಿ ಹೋಗುತ್ತಿರಬೇಕು, ಇಲ್ಲವಾದರೆ ಚೆಕ್‌ರೋಲಿನಲ್ಲಿ ಅದು ಗೈರುಹಾಜರಿ.

ಯಾವ ದಾರಿಯಲ್ಲೂ ಮರಳಲಾಗದವರಿಗೆ ಬಿಟ್ಟುಹೋಗುವ ಬಾಕಿಗಳಿವೆ. ಅಂಗವೈಕಲ್ಯದಿಂದ ಕೆಲಸ ಬಿಡುವವರಿಗೆ ಗ್ರಾಚ್ಯುಟಿಗೆ ಐದು ವರ್ಷದ ಷರತ್ತಿಲ್ಲ. ಪಿಎಫ್ ಸದಸ್ಯರಾಗಿದ್ದು ಶಾಶ್ವತವಾಗಿ, ಪೂರ್ಣವಾಗಿ ಅಶಕ್ತರಾದರೆ ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ 1995ರ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ಕೇಳಬಹುದು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ (ಅಪಘಾತ ವಿಮೆ) ಕಡಿತವಾಗುತ್ತಿದ್ದರೆ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಪಾಸ್‌ಬುಕ್ಕಿನ ಆ ಸಣ್ಣ ಕಡಿತವನ್ನು ಯಾರೂ ಗಮನಿಸಿರುವುದಿಲ್ಲ, ಸಂಘದವರು ಪಾಸ್‌ಬುಕ್ ತೆರೆಸಿ ನೋಡಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಗೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಲೈನ್ ಮನೆಯ ವಿಷಯದಲ್ಲಿ ಹೆಂಡತಿಯೋ ಮಗನೋ ಅದೇ ತೋಟದ ಚೆಕ್‌ರೋಲಿನಲ್ಲಿದ್ದರೆ ಮನೆಯನ್ನು ಅವರ ಹೆಸರಿಗೆ ಬರೆಸಿಕೊಳ್ಳುವ ಮಾತನ್ನು, ಗಾಯಾಳುವಿನ ಲೆಕ್ಕ ಚುಕ್ತಾ ಆಗುವ ಮುಂಚೆ, ಮುಗಿಸಿರಬೇಕು. ಚುಕ್ತಾ ಆದ ಮೇಲೆ ಕೇಳಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಜಿಲ್ಲೆಯ ಬಹುಪಾಲು ತೋಟಗಳು ಸಣ್ಣವು, ಅಲ್ಲಿ ಸಂಘವೇ ಇಲ್ಲ. ನಾಲ್ಕೈದು ಆಳಿನ ತೋಟದ ಬೆಳೆಗಾರರಿಗೆ ಹದಿನಾಲ್ಕು ಲಕ್ಷದ ಹೊಣೆ ಬಿದ್ದರೆ ಅವರ ತೋಟವೇ ಅಡವು. ಇಂಥ ಕಡೆ ಜಗಳಕ್ಕಿಂತ ವಿಮೆ ಮುಖ್ಯ. ಮಾಲೀಕರ ಪರಿಹಾರ ಹೊಣೆಗೆ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಪಾಲಿಸಿ ಸಿಗುತ್ತದೆ. ಮರ ಹತ್ತುವ ಕೆಲಸವನ್ನು ಪಾಲಿಸಿಯಲ್ಲಿ ಹೆಸರಿಸಿ ಸೇರಿಸಿದ್ದಾರೆಯೇ ಎಂದು ನೋಡಿ ತೆಗೆದುಕೊಳ್ಳಬೇಕು. ಹೋಬಳಿ ಮಟ್ಟದಲ್ಲಿ ಸಂಘ ಮತ್ತು ಬೆಳೆಗಾರರ ಸಂಘಟನೆಗಳು ಒಟ್ಟಿಗೆ ಕೂತು, ಮೆಣಸಿನ ಸೀಸನ್ನಿಗೆ ಮುಂಚೆ, ಇದೊಂದು ಕೆಲಸ ಮಾಡಿದರೆ ಎರಡೂ ಕಡೆಯವರು ಬದುಕುತ್ತಾರೆ.

ಕೊನೆಗೆ ಏಣಿಯ ಮಾತು. ಅಪಘಾತವಾದ ಮರುದಿನ ಬೆಳಿಗ್ಗೆ ಅದೇ ಏಣಿ ಇನ್ನೊಂದು ಮರಕ್ಕೆ ಒರಗುತ್ತದೆ. ಬಿದಿರಿನದಾದರೆ ಗಣ್ಣಿನ ಹತ್ತಿರ ಸೀಳು, ಅಲ್ಯೂಮಿನಿಯಂ ಆದರೆ ಸವೆದ ಪಾದ, ಮೇಲೆ ಹಾದುಹೋಗುವ 11 ಕೆವಿ ತಂತಿ. ಸಂಘದ ಘಟಕ ಆ ಸಂಜೆಯೇ ಏಣಿಯನ್ನು ಕೆಲಸದಿಂದ ತೆಗೆಸಿ, ಸೀಳಿನ, ಪಾದದ, ಬಿದ್ದ ಮರದಿಂದ ತಂತಿಗಿರುವ ದೂರದ ಅಳತೆ ಬರೆದು, ಫೋಟೊ ತೆಗೆದು, ಆಫೀಸಿನವರ ಎದುರೇ ಸ್ಟೋರಿಗೆ ಹಾಕಿ ಬೀಗ ಹಾಕಿಸಬೇಕು. ಪರಿಹಾರದ ಅರ್ಜಿ ಇತ್ಯರ್ಥವಾಗುವವರೆಗೆ ಅದು ಸಾಕ್ಷಿ. ಆಮೇಲೆ ಅದನ್ನು ಮುರಿದು ಹಾಕುವಾಗಲೂ ಸಂಘದವರೊಬ್ಬರು ಅಲ್ಲಿ ನಿಂತಿರಬೇಕು.